ಎಲ್ಲ ರಕ್ತವೂ ಮೂಲವ್ಯಾಧಿಯದಲ್ಲ

ಮಲದೊಂದಿಗೆ ರಕ್ತ ಕಾಣಿಸಿದರೆ ನಮ್ಮಲ್ಲಿ ಅನೇಕರು ತಾವೇ ರೋಗನಿರ್ಣಯ ಮಾಡಿಬಿಡುತ್ತಾರೆ: 'ಮೂಲವ್ಯಾಧಿ, ದೇಹಕ್ಕೆ ಉಷ್ಣವಾಗಿದೆ.' ಮಜ್ಜಿಗೆ, ಎಳನೀರು ಕುಡಿದು, ಅಂಗಡಿಯಿಂದ ಮುಲಾಮು ತಂದು ಹಚ್ಚಿ ಸುಮ್ಮನಾಗುತ್ತಾರೆ. ಸಂಕೋಚದಿಂದ ಮನೆಯವರಿಗೂ ಹೇಳುವುದಿಲ್ಲ. ಎಷ್ಟೋ ಸಲ ಅವರ ಊಹೆ ಸರಿಯೂ ಆಗಿರುತ್ತದೆ; ತೊಂದರೆ ಇರುವುದೇ ಅಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ರಕ್ತ ಸುರಿಸಬಲ್ಲದು. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವೇನೂ ಇಲ್ಲ. ಆದ್ದರಿಂದ ರಕ್ತ ಕಂಡರೆ, ವಯಸ್ಸು ಎಷ್ಟೇ ಇರಲಿ, ವೈದ್ಯರಿಗೆ ತೋರಿಸಿ.

ಈ ಕ್ಯಾನ್ಸರ್ ಸಾಮಾನ್ಯವಾಗಿ ದಿಢೀರನೆ ಹುಟ್ಟುವುದಿಲ್ಲ. ಕರುಳಿನ ಒಳಪದರದಲ್ಲಿ ಮೊದಲು 'ಪಾಲಿಪ್' ಎಂಬ ಸಣ್ಣ ಗಂಟು ಅಣಬೆಯಂತೆ ಏಳುತ್ತದೆ. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ. ಕೆಡುವಂಥದ್ದು ಕ್ಯಾನ್ಸರ್ ಆಗಲು ಸುಮಾರು 10 ವರ್ಷ ಬೇಕು. ಅಷ್ಟರಲ್ಲಿ ಕತ್ತರಿಸಿ ತೆಗೆದರೆ ಆ ಗಂಟಿನಿಂದ ಕ್ಯಾನ್ಸರ್ ಬರುವುದೇ ಇಲ್ಲ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಆದರೆ ಪಾಲಿಪ್ ಸಾಮಾನ್ಯವಾಗಿ ನೋಯುವುದಿಲ್ಲ. ನಾವೇ ಹುಡುಕಿಕೊಂಡು ಹೋಗಬೇಕು.

ಸುಲಭದ ದಾರಿ ಮಲಪರೀಕ್ಷೆ. ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಅದು ಪತ್ತೆ ಮಾಡುತ್ತದೆ. ಇದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಅದರಲ್ಲಿ ರಕ್ತ ಕಂಡುಬಂದರೆ ಕೊಲೊನೋಸ್ಕೋಪಿ ಅಗತ್ಯ. ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಬಿಟ್ಟು ನೋಡುತ್ತಾರೆ, ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ಮಂಪರು ಬರುವ ಔಷಧಿ ಕೊಡುವುದರಿಂದ ಹೆಚ್ಚು ನೋವಿರದು. ಹಿಂದಿನ ದಿನ ಭೇದಿ ಔಷಧಿ ಕುಡಿದು ಕರುಳು ತೊಳೆದುಕೊಳ್ಳುವುದೇ ನಿಜವಾದ ಕಿರಿಕಿರಿ! ಏನೂ ಕಾಣದಿದ್ದರೆ, ವಿಶೇಷ ಅಪಾಯವಿಲ್ಲದವರಿಗೆ ಮತ್ತೆ 10 ವರ್ಷ ಇದರ ಅಗತ್ಯವಿರುವುದಿಲ್ಲ.

ಅಮೆರಿಕದ ತಜ್ಞರ ಸಮಿತಿಯೊಂದು 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಕಿರಿಯರಲ್ಲೂ ಈ ರೋಗ ಅಲ್ಲಿ ಹೆಚ್ಚುತ್ತಿದೆ. ನಟ ಚಾಡ್ವಿಕ್ ಬೋಸ್ಮನ್ 2020ರಲ್ಲಿ ಇದಕ್ಕೆ ಬಲಿಯಾದಾಗ ಅವರಿಗೆ ಬರೀ 43. ನಮ್ಮ ಸರ್ಕಾರದ ಸಾಮೂಹಿಕ ತಪಾಸಣೆ ಮುಖ್ಯವಾಗಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ. ಕರುಳಿನ ಬಗ್ಗೆ ನೀವೇ ವೈದ್ಯರನ್ನು ಕೇಳಬೇಕು.

ತಂಬಾಕು, ಮದ್ಯ, ಬೊಜ್ಜು ಅಪಾಯ ಹೆಚ್ಚಿಸುತ್ತವೆ. ನಾರಿನಂಶದ ಆಹಾರ, ನಡಿಗೆ ತಗ್ಗಿಸುತ್ತವೆ. ಆದರೆ ರಾಗಿಮುದ್ದೆ, ಸೊಪ್ಪು ತಿನ್ನುವವರಿಗೆ ಪರೀಕ್ಷೆಯೇ ಬೇಡವೆಂದಲ್ಲ.

ಐವತ್ತು ದಾಟಿದ ಗಂಡಸರಲ್ಲಿ ಕಾರಣವಿಲ್ಲದೆ ರಕ್ತಹೀನತೆ ಕಂಡರೆ ಕಬ್ಬಿಣದ ಮಾತ್ರೆ ನುಂಗಿ ಕೂರಬೇಡಿ; ಕರುಳಿನ ಬಲಭಾಗದ ಗಂಟು ಗುಟ್ಟಾಗಿ ರಕ್ತ ಸೋರಿಸುತ್ತಿರಬಹುದು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಅದು ಪತ್ತೆಯಾದಾಗ ಅವರಿಗೆಷ್ಟು ವಯಸ್ಸೆಂದು ವೈದ್ಯರಿಗೆ ತಿಳಿಸಿ. ತಪಾಸಣೆ 40ಕ್ಕೆ, ಇಲ್ಲವೇ ಆ ವಯಸ್ಸಿಗೆ 10 ವರ್ಷ ಮೊದಲು, ಯಾವುದು ಬೇಗ ಬರುವುದೋ ಆಗ ಶುರುವಾಗಬೇಕು. ತಂದೆಗೆ 48ರಲ್ಲಿ ಬಂದಿದ್ದರೆ ಮಕ್ಕಳು 38ಕ್ಕೇ ಹೋಗಬೇಕು, ಹೆಣ್ಣುಮಕ್ಕಳೂ ಸೇರಿ.