ಡೇರೆಯೊಳಗಿನ ಗುಂಡು

ಶಹಾಪುರ ತಾಲೂಕಿನ ವನದುರ್ಗದ ಕೋಟೆ ಸುರಪುರದ ನಾಯಕರ ಕಾಲದ್ದು. ಆ ಮನೆತನದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಅವನಿಗೆ ವಿಧಿಸಿದ್ದ ಮರಣದಂಡನೆ ಇಳಿಯುತ್ತ ಇಳಿಯುತ್ತ ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಬಂದು ನಿಂತಿತು. ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ, ಹೈದರಾಬಾದು ಬಿಟ್ಟ ಸ್ವಲ್ಪದರಲ್ಲೇ ಡೇರೆಯೊಂದರಲ್ಲಿ ಗುಂಡಿನ ಸದ್ದು ಕೇಳಿಸಿತು.

ಮುಂದಿನದನ್ನು ನಾವು ತಿಳಿದಿರುವುದು ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯಿಂದ. ಕಾವಲಿನ ಅಧಿಕಾರಿ ರಿವಾಲ್ವರ್ ಇದ್ದ ಬೆಲ್ಟನ್ನು ಕುರ್ಚಿಗೆ ನೇತುಹಾಕಿ ಹೊರಗೆ ಹೋಗಿದ್ದ. ಸದ್ದು ಕೇಳಿ ಓಡಿಬಂದಾಗ ರಾಜ ಸತ್ತು ಬಿದ್ದಿದ್ದ. ಗುಂಡು ಹೊಟ್ಟೆಯಿಂದ ಹೊಕ್ಕು ಬೆನ್ನುಮೂಳೆಯನ್ನು ದಾಟಿತ್ತು. ಟೇಲರ್ ಈ ರಾಜನನ್ನು ಹುಡುಗನಾಗಿದ್ದಾಗ ಸುರಪುರದಲ್ಲಿ ಬೆಳೆಸಿದವನು, ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಆದರೆ ಗುಂಡು ಹಾರಿದ ಹೊತ್ತಿಗೆ ಟೇಲರ್ ಅಲ್ಲಿರಲಿಲ್ಲ. ಆತ ಬರೆದದ್ದು ಕೇಳಿದ ಮಾತು. ರಾಜನಿಗೆ 24 ತುಂಬುವ ಮೊದಲೇ ಸಾವು ಎಂದು ಜಾತಕ ನುಡಿದಿತ್ತು ಎಂಬುದನ್ನೂ ಆತನೇ ಬರೆದಿದ್ದಾನೆ. ನಾಲ್ಕು ವರ್ಷ ಕಳೆದರೆ ಊರಿಗೆ ಮರಳಬಹುದಾಗಿದ್ದ ಯುವಕ ತಾನೇ ಗುಂಡು ಹಾರಿಸಿಕೊಂಡ ಎಂಬುದನ್ನು ಒಪ್ಪದವರು ಸುರಪುರದ ಕಡೆ ಇಂದಿಗೂ ಇದ್ದಾರೆ.

ಇಂದಿನ ವಿಧಿವಿಜ್ಞಾನ ತಜ್ಞರಿಗೆ ಈ ಪ್ರಕರಣ ಸಿಕ್ಕಿದ್ದರೆ ಜಾತಕವನ್ನಲ್ಲ, ಮೊದಲು ರಾಜನ ಅಂಗಿಯನ್ನು ಕೇಳುತ್ತಿದ್ದರು. ಬಂದೂಕಿನ ಬಾಯಿ ಮೈಗೆ ತಾಗಿದ್ದರೆ ಬಟ್ಟೆ ಸುಟ್ಟು ಹರಿದಿರುತ್ತದೆ, ಗಾಯದ ಅಂಚಿಗೂ ಒಳಗೂ ಮಸಿ ಹತ್ತಿರುತ್ತದೆ. ಸ್ವಲ್ಪ ದೂರವಿದ್ದರೆ ಸುಡದೆ ಉಳಿದ ಮದ್ದಿನ ಕಣಗಳು ಚರ್ಮಕ್ಕೆ ಹಚ್ಚೆಯಂತೆ ಚುಚ್ಚಿಕೊಳ್ಳುತ್ತವೆ. ಇನ್ನೂ ದೂರವಾದರೆ ಬರೀ ತೂತು. 1858ರ ಕರಿಮದ್ದಂತೂ ಮಸಿಯನ್ನು ಧಾರಾಳವಾಗಿ ಉಗುಳುತ್ತಿತ್ತು. ನೋಡುವ ಕಣ್ಣಿದ್ದರೆ ಗುಂಡು ಎಷ್ಟು ದೂರದಿಂದ ಬಂತೆಂದು ಆ ಅಂಗಿಯೇ ಹೇಳುತ್ತಿತ್ತು. ತನ್ನ ಕೈಯಿಂದ ಹಾರಿಸಿಕೊಳ್ಳಲಾಗದಷ್ಟು ದೂರ ಎಂದು ಕಂಡುಬಂದರೆ ಆತ್ಮಹತ್ಯೆಯ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಹತ್ತಿರದ ಗುಂಡು ಎಂದಾಗಿದ್ದರೆ ಮಾತ್ರ ಪ್ರಶ್ನೆ ಮುಗಿಯುತ್ತಿರಲಿಲ್ಲ, ಹತ್ತಿರ ನಿಂತು ಬೇರೆಯವರೂ ಹೊಡೆಯಬಹುದು. ಆಗ ಕೈಗೆ ಹತ್ತಿದ ಮಸಿ, ಗುಂಡು ಸಾಗಿದ ಓರೆ, ರಿವಾಲ್ವರ್ ಬಿದ್ದ ಜಾಗ ಎಲ್ಲವನ್ನೂ ಕೂಡಿಸಿ ನೋಡಬೇಕು.

ವಿಜ್ಞಾನ ಆಗ ಇರಲೇ ಇಲ್ಲವೆನ್ನುವಂತಿಲ್ಲ. ಲಂಡನ್ನಿನ ಪತ್ತೇದಾರ ಹೆನ್ರಿ ಗೊಡಾರ್ಡ್ 1835ರಲ್ಲೇ ಗುಂಡಿನ ಮೇಲಿನ ಅಚ್ಚಿನ ಗುರುತು ಹಿಡಿದು ಸುಳ್ಳನ್ನು ಬಯಲಿಗೆಳೆದಿದ್ದ. ರಾಜನನ್ನು ಒಯ್ಯುತ್ತಿದ್ದ ದಿಕ್ಕಿನಲ್ಲೇ, ಮದ್ರಾಸಿನಲ್ಲಿ, ವಿಷ ಪತ್ತೆಗಾಗಿ 1849ರಿಂದ ರಸಾಯನ ಪರೀಕ್ಷಕರ ಪ್ರಯೋಗಾಲಯವಿತ್ತು. ಅದೇ 1858ರ ಜುಲೈನಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷಲ್ ಬಂಗಾಳದಲ್ಲಿ ಕರಾರಿನ ಮೇಲೆ ಗುತ್ತಿಗೆದಾರನೊಬ್ಬನ ಅಂಗೈಯ ಅಚ್ಚು ಒತ್ತಿಸಿಕೊಂಡ. ಬೆರಳಚ್ಚಿನ ಕಥೆ ಶುರುವಾದದ್ದು ಅಲ್ಲಿಂದ. ಡೇರೆಯಲ್ಲಿ ಕೊರತೆಯಾದದ್ದು ಕೇಳುವ ಮನಸ್ಸು ಎಂದೇ ನನಗೆ ತೋರುತ್ತದೆ. ಕಾವಲಿನಲ್ಲಿದ್ದವರ ಹೇಳಿಕೆಯೇ ತೀರ್ಮಾನವೂ ಆಯಿತು.

ಗುಂಡನ್ನೂ ಕಾಟ್ರಿಜನ್ನೂ ಜೋಪಾನ ಮಾಡಿದರೆ ಏನಾಗುತ್ತದೆಂಬುದನ್ನು ನಮ್ಮ ಕಾಲ ಕಂಡಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಸಿಕ್ಕ ಗುಂಡು ಮತ್ತು ಖಾಲಿ ಕಾಟ್ರಿಜುಗಳನ್ನು ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಒಂದೇ 7.65 ಮಿ.ಮೀ. ನಾಡಪಿಸ್ತೂಲಿನಿಂದ ಹಾರಿದವು ಎಂದು ವರದಿ ಕೊಟ್ಟಿತು. ಪಿಸ್ತೂಲು ಕೈಗೆ ಸಿಕ್ಕಿರಲಿಲ್ಲ. ಕಾಟ್ರಿಜಿನ ತಳದಲ್ಲಿ ಫೈರಿಂಗ್ ಪಿನ್ ಒತ್ತಿದ ಕುಳಿ, ಗುಂಡಿನ ಮೈಮೇಲೆ ನಳಿಕೆ ಎಳೆದ ಗೀರು, ಇಂಥ ಗುರುತುಗಳೇ ಎರಡು ವರ್ಷಗಳ ಅಂತರವನ್ನು ಬೆಸೆದವು.

ಇಂದು ವನದುರ್ಗದ ಕಡೆಯ ಹೊಲಗಳಲ್ಲಿ ಸಾವು ಬರುವುದು ಗುಂಡಿನಿಂದಲ್ಲ; ಹೆಚ್ಚಾಗಿ ಹತ್ತಿ, ಭತ್ತಕ್ಕೆ ಹೊಡೆಯುವ ಔಷಧಿಯ ಬಾಟಲಿಯಿಂದ, ಇಲ್ಲವೇ ಕಾಲುವೆಯ ನೀರಿನಿಂದ. ಕುಡಿದದ್ದೋ ಕುಡಿಸಿದ್ದೋ, ಬಿದ್ದದ್ದೋ ನೂಕಿದ್ದೋ? ಮರಣೋತ್ತರ ಪರೀಕ್ಷೆಯಲ್ಲಿ ಜಠರ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ತೆಗೆದು ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿ, ಜಾಡಿಗೆ ಅರಗಿನ ಮೊಹರು ಹಾಕಿ, ಮಾದರಿ ಮೊಹರಿನ ಜೊತೆ ಕಲಬುರಗಿಯ ಪ್ರಾದೇಶಿಕ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಮೊದಲು ನೋಡುವುದು ವಿಷವನ್ನಲ್ಲ, ಮೊಹರನ್ನು. ಅದು ಒಡೆದಿದ್ದರೆ ಒಳಗಿನ ಸತ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆ ಉಳಿಯುವುದು ಕಷ್ಟ. ನೀರಲ್ಲಿ ಸಿಕ್ಕ ಹೆಣವಾದರೆ ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಹುಡುಕುತ್ತಾರೆ. ಉಸಿರಿದ್ದಾಗ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಂಡವರ ರಕ್ತ ಅದನ್ನು ಮಜ್ಜೆಯವರೆಗೂ ಒಯ್ದಿರುತ್ತದೆ. ಇದೊಂದರಿಂದಲೇ ತೀರ್ಪು ಹೇಳಲಾಗದು, ಆದರೆ ಕಾಲುವೆಯ ನೀರಿನ ಮಾದರಿಯೂ ಜೊತೆಗಿದ್ದರೆ ಹೋಲಿಸಿ ನೋಡಲು ದಾರಿಯಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕು, ಸಾಕ್ಷ್ಯ ಸಂಗ್ರಹದ ವಿಡಿಯೊ ಆಗಬೇಕು ಎನ್ನುತ್ತದೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಕಾಶವೂ ಇದೆ. ತಜ್ಞರು ಬಂದು ಮುಟ್ಟುವವರೆಗೆ ಜಾಗವನ್ನು ಕಾಯಬೇಕಾದವರು ಬೀಟ್ ಪೊಲೀಸರು ಮತ್ತು ಊರವರು. ಅಂಗಳಕ್ಕೆ ನೀರು ಹಾಕಿ ತೊಳೆಯಬಾರದು, ಬಾಟಲಿಯನ್ನು ಎತ್ತಿಡಬಾರದು. ರಕ್ತವಾದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲೇ ಕಟ್ಟಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಡಿಎನ್‌ಎ ಕೊಳೆತು ಹಾಳಾಗುತ್ತದೆ.