ಕುಟುಂಬದ ಪಾಂಟೂನ್ ದೋಣಿಗೆ ಎಷ್ಟು ಅಶ್ವಶಕ್ತಿ?

ಅಮೆರಿಕಾ ದೇಶದ ಮಿನ್ನೆಸೋಟಾ ಪ್ರಾಂತವು ಸರೋವರಗಳ ಸೀಮೆ. 1950ರ ದಶಕದ ಆರಂಭದಲ್ಲಿ ಅಲ್ಲಿಯ ರಿಚ್ಮಂಡ್ ಎಂಬ ಊರಿನ ಆಂಬ್ರೋಸ್ ವೀರ್ಸ್ ಎಂಬವರು ಎರಡು ಉಕ್ಕಿನ ಕೊಳವೆಗಳ ಮೇಲೆ ಮರದ ಜಗಲಿಯನ್ನು ಕೂಡಿಸಿ ನೀರಿಗಿಳಿಸಿದರು. ಇಂದಿನ ಪಾಂಟೂನ್ ದೋಣಿಯು ಅದರ ಸಂತಾನವೇ. ಕೊಳವೆಗಳು ಮಾತ್ರ ಈಗ ಅಲ್ಯುಮಿನಿಯಮ್ಮಿನವು. (ಪಾಂಟೂನ್ ಶಬ್ದದ ಮೂಲವು ಸೇತುವೆ ಎಂಬರ್ಥದ ಲ್ಯಾಟಿನ್ ಪದ; ಅದು ನಮ್ಮ ‘ಪಥ’ ಶಬ್ದಕ್ಕೆ ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರ ಮತ.) ಮಕ್ಕಳು ಆ ದೇಶದಲ್ಲಿ ನೆಲಸಿರುವ ವಾಚಕರು ಅನೇಕರಿರುವುದರಿಂದ, ಇಂಥ ದೋಣಿಗೆ ಯಾವ ಪ್ರಮಾಣದ ಯಂತ್ರವು ತಕ್ಕುದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಕೊಳ್ಳತಕ್ಕವರು ಸಾಮಾನ್ಯವಾಗಿ ಮಾರುವವನೊಡನೆ ಇಬ್ಬರೇ ಕುಳಿತು, ನಿಶ್ಚಲವಾದ ನೀರಿನಲ್ಲಿ ದೋಣಿಯನ್ನು ಪರೀಕ್ಷಿಸುವರು. ಆಗ 40 ಅಶ್ವಶಕ್ತಿಯೇ ಧಾರಾಳವೆಂದು ತೋರುವುದು. ಆದರೆ ಅಜ್ಜ, ಅಜ್ಜಿ, ಮೊಮ್ಮಕ್ಕಳು, ನೆಂಟರೆಂದು ಹತ್ತು ಮಂದಿ ಏರಿದರೆ, ತಲೆಗೆ 70 ಕಿಲೋಗ್ರಾಮಿನಂತೆ 700 ಕಿಲೋಗ್ರಾಮಾಯಿತು. ಬುತ್ತಿಯೂ ಇಂಧನವೂ ಬೇರೆ. ಕೊಳವೆಗಳು ಇನ್ನಷ್ಟು ಮುಳುಗಿ ನೀರಿನ ತಡೆಯು ಹೆಚ್ಚುವುದು. ಇದಕ್ಕಿಂತಲೂ ಭಯಪಡತಕ್ಕದ್ದು ಗಾಳಿ. ಸುತ್ತಲೂ ಕಟಕಟೆ, ಮೇಲೆ ಬಟ್ಟೆಯ ಚಾವಣಿ ಇರುವ ಈ ದೋಣಿಯು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುವುದು. ನೀರನ್ನು ಆಳವಾಗಿ ಹಿಡಿಯುವ ತಳವು ಇದಕ್ಕಿಲ್ಲ. ಮಧ್ಯಾಹ್ನದ ಮೇಲೆ ಮೋಡಕಟ್ಟಿ ಎದುರುಗಾಳಿ ಎದ್ದಾಗ, ಮಕ್ಕಳನ್ನು ಕೂರಿಸಿಕೊಂಡು ದಡ ಸೇರಲಾರದ ಯಂತ್ರವನ್ನು ಅಗ್ಗವೆಂದು ಕೊಳ್ಳುವುದು ಯಾವ ಉಳಿತಾಯ?

ಆದುದರಿಂದ ತುಂಬಿದ ದೋಣಿಯನ್ನೂ ಕೆಟ್ಟ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 18 ಅಡಿಯ ದೋಣಿಯಲ್ಲಿ ನಾಲ್ಕೈದು ಮಂದಿ ಮೆಲ್ಲಗೆ ವಿಹರಿಸುವುದಕ್ಕೆ 40ರಿಂದ 60 ಸಾಕು. 20-22 ಅಡಿಯದರಲ್ಲಿ ಹತ್ತು ಮಂದಿಗೆ 60 ಎಂಬುದು ತೀರ ಕನಿಷ್ಠ. ನಮ್ಮ ಮತದಲ್ಲಿ 90 ಯುಕ್ತವಾದುದು. ಗಾಳಿ ತುಂಬಿದ ತೇಲುಬಳೆಯಲ್ಲಿ ಮಕ್ಕಳನ್ನು ಎಳೆಯಬೇಕಾದರೆ 90ರಿಂದ 115. ನೀರಿನ ಮೇಲೆ ಸ್ಕೀ ಆಡುವ ತರುಣರ ಮನೆಗೆ ಮೂರು ಕೊಳವೆಯ ದೋಣಿಯೂ 150ರ ಯಂತ್ರವೂ ಬೇಕಾಗುವುವು.

ಹಾಗೆಂದು ಅತಿಯಾಗಲೂಬಾರದು. ದೋಣಿಯ ಮೇಲೆ ಅಚ್ಚೊತ್ತಿದ ಫಲಕದಲ್ಲಿ ಗರಿಷ್ಠ ಅಶ್ವಶಕ್ತಿ, ಜನಸಂಖ್ಯೆ, ಭಾರ ಇವುಗಳನ್ನು ನಮೂದಿಸಿರುವರು, ಅದನ್ನು ಮೀರತಕ್ಕದ್ದಲ್ಲ. ಶಕ್ತಿಯನ್ನು ಇಮ್ಮಡಿಸಿದರೆ ವೇಗವು ಇಮ್ಮಡಿಸದು, ಖರ್ಚು ಮಾತ್ರ ಇಮ್ಮಡಿಸುವುದು: ಪೂರ್ಣವೇಗದಲ್ಲಿ 60ರ ಯಂತ್ರವು ಗಂಟೆಗೆ ಸುಮಾರು 22 ಲೀಟರ್ ಪೆಟ್ರೋಲು ಕುಡಿದರೆ, 115ರದು 40ನ್ನು ದಾಟುವುದು. ಆದರೂ ಸದಾ ಏದುಸಿರು ಬಿಡುವ ಸಣ್ಣ ಯಂತ್ರಕ್ಕಿಂತ, ನಿರಾಯಾಸವಾಗಿ ಓಡುವ ಮಧ್ಯಮ ಯಂತ್ರವೇ ಹೆಚ್ಚು ಬಾಳಿಕೆಯದು.

ಹಣ ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ, ವೇಗದ ಹಿಡಿಯನ್ನು ಪೂರ್ತಿಯಾಗಿ ಮುಂದಕ್ಕೆ ತಳ್ಳಿ ನೋಡಬೇಕು. ನಿಮಿಷಕ್ಕೆ 5000ದಿಂದ 6000 ಸುತ್ತು ಎಂದು ತಯಾರಕರು ಹೇಳಿದ್ದರೆ ಮುಳ್ಳು ಆ ಮಿತಿಯನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಯಂತ್ರವನ್ನು ದೂರುವ ಮೊದಲು ಕಡಮೆ ಪಿಚ್ಚಿನ ಪ್ರೊಪೆಲರನ್ನು ಹಾಕಿಸಿ ನೋಡುವುದು ಲೇಸು; ಅದರ ಬೆಲೆಯು ಯಂತ್ರದ ಬೆಲೆಯಲ್ಲಿ ಅಲ್ಪಾಂಶ.

ಬೆಟ್ಟದ ಸೀಮೆಯವರು ಇನ್ನೊಂದನ್ನು ಎಣಿಸಬೇಕು. ತೆಳುವಾದ ಗಾಳಿಯಲ್ಲಿ ಯಂತ್ರವು ಪ್ರತಿ 1000 ಅಡಿಗೆ ನೂರಕ್ಕೆ ಸುಮಾರು 3ರಷ್ಟು ಬಲವನ್ನು ಕಳೆದುಕೊಳ್ಳುವುದು. ಸಮುದ್ರಮಟ್ಟದಿಂದ 6200 ಅಡಿಗೂ ಮೇಲಿರುವ ತಾಹೋ ಸರೋವರದಲ್ಲಿ 90ರ ಯಂತ್ರವು 73-74ರಷ್ಟು ಮಾತ್ರ ದುಡಿಯುವುದರಿಂದ, ಅಲ್ಲಿಯವರು ಫಲಕದ ಮಿತಿಯೊಳಗೇ ಒಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಳ್ಳತಕ್ಕದ್ದು.