ಸರಿಯಾದ ಕಾಸ್ಟ್ಯೂಮ್ ಸಿಕ್ಕಿತು, ಈಜೂ ಬಂತು

ನಮ್ಮೂರು ಮಂಡ್ಯದ ಕಡೆ. ಮನೆಯಿಂದ ಕೂಗಳತೆ ದೂರದಲ್ಲಿ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ. ಬೇಸಿಗೆ ರಜೆ ಬಂತೆಂದರೆ ಅಣ್ಣ ಮತ್ತವನ ಗೆಳೆಯರು ಸೊಂಟಕ್ಕೆ ಖಾಲಿ ಕ್ಯಾನು ಕಟ್ಟಿಕೊಂಡು, ಚಡ್ಡಿಯಲ್ಲೇ ನೀರಿಗೆ ದುಮುಕುತ್ತಿದ್ದರು. ನಾನು ದಡದಲ್ಲಿ ಕುಳಿತು ಅವರ ಬಟ್ಟೆ ಕಾಯುತ್ತಿದ್ದೆ. 'ನಂಗೂ ಕಲಿಸೋ' ಅಂದರೆ, 'ಲಂಗ ಉಟ್ಕೊಂಡು ಈಜ್ತೀಯಾ?' ಎಂದು ನಗುತ್ತಿದ್ದ.

ನಾಲೆಗೆ ವಾಹನ ಉರುಳಿದ ಸುದ್ದಿ ಓದಿದಾಗಲೆಲ್ಲ ಎದೆ ಝಲ್ಲೆನ್ನುತ್ತಿತ್ತು. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆಂದು ಮೈಸೂರಿಗೆ ಬಂದಾಗ ಮೊದಲು ಮಾಡಿದ ಕೆಲಸವೇ ಈಜುಕೊಳದ ಮಹಿಳೆಯರ ಬ್ಯಾಚ್‌ಗೆ ಸೇರಿದ್ದು. ಆದರೆ ನೀರಿಗಿಂತ ದೊಡ್ಡ ಭಯ ಕಾದಿತ್ತು: ಕಾಸ್ಟ್ಯೂಮ್!

ಮೊದಲೇ ನಾನು ಸ್ವಲ್ಪ ದಪ್ಪ. ಮೊದಲ ದಿನ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿಕೊಂಡು ಹೋದೆ. 'ಕಾಟನ್ ಬೇಡಮ್ಮ. ನೀರು ಕುಡಿದು ಭಾರ ಆಗುತ್ತೆ, ನೂಲಿನ ಎಳೆ ಫಿಲ್ಟರ್‌ಗೆ ಸಿಕ್ಕಿಹಾಕಿಕೊಳ್ಳುತ್ತೆ' ಎಂದು ಕೋಚ್ ವಾಪಸ್ ಕಳಿಸಿದರು. ಅಂಗಡಿಗೆ ಹೋಗಿ, ತಲೆ ತಗ್ಗಿಸಿಕೊಂಡೇ ಎರಡು ಸೈಜ್ ದೊಡ್ಡದು ತಂದೆ. ದೊಗಳೆಯಾಗಿದ್ದರೆ ಮೈ ಕಾಣುವುದಿಲ್ಲ ಎಂಬ ಲೆಕ್ಕಾಚಾರ. ನೀರಿಗಿಳಿದ ಕೂಡಲೇ ಲೆಕ್ಕ ತಲೆಕೆಳಗಾಯಿತು. ಒಳಗೆ ನೀರು ತುಂಬಿ ಬಲೂನಿನಂತೆ ಉಬ್ಬಿತು, ಭುಜದ ಪಟ್ಟಿ ಜಾರತೊಡಗಿತು. ಒಂದು ಕೈಯಲ್ಲಿ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಈಜುವುದು ಹೇಗೆ? ನಾಲ್ಕೇ ದಿನಕ್ಕೆ ಹೋಗುವುದನ್ನು ಬಿಟ್ಟೆ.

ನಮ್ಮ ಬ್ಯಾಚ್‌ನಲ್ಲಿ ಐವತ್ತು ದಾಟಿದ ಆಂಟಿಯೊಬ್ಬರಿದ್ದರು. ಅವರೇ ಫೋನ್ ಮಾಡಿ, 'ಈಜೋಕೆ ಬಂದಿದ್ಯೋ, ಬಟ್ಟೆ ಹಿಡ್ಕೊಳ್ಳೋಕೆ ಬಂದಿದ್ಯೋ?' ಎಂದು ಗದರಿ, ಶನಿವಾರ ಅಂಗಡಿಗೆ ಎಳೆದುಕೊಂಡು ಹೋದರು. ಅಂದು ಕಲಿತ ಪಾಠ ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು ಅಳತೆ. ಒಂದೊಂದು ಕಂಪನಿಯ 'ಎಲ್' ಒಂದೊಂದು ಥರ. ಹಾಗಾಗಿ ಎದೆ, ಸೊಂಟ, ಹಿಂಭಾಗದ ಸುತ್ತಳತೆ ಟೇಪ್‌ನಲ್ಲಿ ತೆಗೆದು, ಅವರ ಚಾರ್ಟ್ ಜತೆ ಹೋಲಿಸಬೇಕು. ಒದ್ದೆಯಾದಾಗ ಬಟ್ಟೆ ಸ್ವಲ್ಪ ಸಡಿಲವಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಮೈಗೆ ಅಂಟಿದಂತೆ ಅನ್ನಿಸಿದರೆ ಅದೇ ಸರಿ. ಆದರೆ ಚರ್ಮ ಕೊರೆಯಬಾರದು, ಪಟ್ಟಿಯಡಿ ಒಂದು ಬೆರಳು ತೂರುವಂತಿರಬೇಕು.

ಎರಡನೆಯದು ಟ್ರಯಲ್. ಒಳಉಡುಪಿನ ಮೇಲೇ ಹಾಕಿ ನೋಡಿ. ಕನ್ನಡಿ ಮುಂದೆ ಸುಮ್ಮನೆ ನಿಂತರೆ ಸಾಲದು, ಎರಡೂ ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ನೋಡಿ. ಎಲ್ಲೂ ಎಳೆಯದೆ, ಜಾರದೆ ಇದ್ದರೆ ಪಾಸ್!

ಇನ್ನು ಚೆಂದದ ಮಾತು. ಗಾಢ ನೀಲಿ, ಕಪ್ಪು, ಮೆರೂನ್ ಬಣ್ಣಗಳು ದಪ್ಪಗಿರುವವರಿಗೆ ಒಪ್ಪುತ್ತವೆ. ಪಕ್ಕದಲ್ಲಿ ಉದ್ದ ಪಟ್ಟಿಯಿದ್ದರೆ ಮೈ ನೀಳವಾಗಿ ಕಾಣುತ್ತದೆ. ಎದೆ ಭಾರ ಇರುವವರಿಗೆ ಅಗಲ ಭುಜಪಟ್ಟಿ, ಎದೆಯ ಕೆಳಗೆ ಎಲಾಸ್ಟಿಕ್ ಇರುವುದು ಆರಾಮ. ತಿಳಿ ಬಣ್ಣ ಒದ್ದೆಯಾದರೆ ಪಾರದರ್ಶಕವಾದೀತು, ಒಳಪದರ ಇದೆಯೇ ನೋಡಿ. ಮೈ ಮುಚ್ಚಬೇಕೆನಿಸಿದರೆ ಮೊಣಕಾಲಿನವರೆಗಿನದ್ದು, ತುಂಬುತೋಳಿನದ್ದೂ ಸಿಗುತ್ತವೆ. ಹುಡುಗರೇ, ಬರ್ಮುಡಾ ನಿಮ್ಮನ್ನೂ ನೀರಿನಲ್ಲಿ ಹಿಂದಕ್ಕೆಳೆಯುತ್ತದೆ. ಲಾಡಿ ಇರುವ, ಮೈಗೆ ಹತ್ತುವ ಈಜುಚಡ್ಡಿಯೇ ವಾಸಿ.

ಬಟ್ಟೆ ಯಾವುದು? ನೈಲಾನ್–ಲೈಕ್ರಾ ಮೆತ್ತಗಿರುತ್ತದೆ, ಆದರೆ ಕ್ಲೋರಿನ್‌ಗೆ ಲೈಕ್ರಾ ಬೇಗ ಸೋಲುತ್ತದೆ. ದಿನಾ ಈಜುವವರಿಗೆ ಪಾಲಿಯೆಸ್ಟರ್ ಹೆಚ್ಚು ಬಾಳಿಕೆ. ಕೊಳದಿಂದ ಬಂದ ತಕ್ಷಣ ತಣ್ಣೀರಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ಹರವಿ. ವಾಷಿಂಗ್ ಮೆಷಿನ್ ಬೇಡ.

ನಾನು ಆರಿಸಿದ್ದು ಮೊಣಕಾಲಿನವರೆಗಿನ ಕಡು ನೀಲಿ. ಫೋನಿನಲ್ಲಿ ಅಮ್ಮನದು ಒಂದೇ ರಾಗ: 'ನೋಡ್ದೋರು ಏನಂದ್ಕಂಡಾರು ಕಣವ್ವ?' ಒಲಿಂಪಿಕ್ಸ್‌ನಲ್ಲಿ ಈಜುವ ಹುಡುಗಿಯರ ಫೋಟೊ ಕಳಿಸಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ 2010ರಿಂದ ಮಹಿಳೆಯರ ಈಜುಡುಗೆ ಭುಜದಿಂದ ಮೊಣಕಾಲಿನವರೆಗೆ ಇರಬಹುದು ಎಂಬ ನಿಯಮವಿದೆ. 2024ರಲ್ಲಿ 14ರ ಹರೆಯದಲ್ಲೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಬೆಂಗಳೂರಿನ ಧಿನಿಧಿ ದೇಸಿಂಗು ಕಥೆಯನ್ನೂ ಹೇಳಿದೆ. 'ಅಲ್ಲಿ ಎಲ್ರೂ ಉಸಿರು ಹಿಡಿಯೋದ್ರಲ್ಲೇ ಬಿಜಿ ಇರ್ತಾರಮ್ಮ, ನನ್ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ' ಅಂದಾಗ ಅಮ್ಮ ನಕ್ಕಳು.

ಅದು ನಿಜವೂ ಹೌದು. ಹೊಸ ಕಾಸ್ಟ್ಯೂಮ್ ಹಾಕಿದ ಮೂರನೇ ದಿನ, ಕೊಳದ ಆ ತುದಿ ಮುಟ್ಟಿದ ಮೇಲಷ್ಟೇ ನೆನಪಾಯಿತು, ಅಂದು ನನ್ನ ಹೊಟ್ಟೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ! ಹಾಕಿಕೊಂಡಿರುವುದೇ ಮರೆತುಹೋಗುವಂಥದ್ದು ನಿಮಗೆ ಒಪ್ಪುವ ಕಾಸ್ಟ್ಯೂಮ್.

ಕಳೆದ ವಾರ ಊರಿಗೆ ಹೋಗಿದ್ದೆ. ಅಣ್ಣನ ಮಗಳಿಗೀಗ ಎಂಟು ವರ್ಷ. ಅವಳನ್ನು ನಿಲ್ಲಿಸಿ ಟೇಪ್ ಹಿಡಿದು ಅಳತೆ ತೆಗೆದುಕೊಂಡೆ. ಬೇಸಿಗೆ ರಜೆಗೆ ಮೈಸೂರಿಗೆ ಬರುತ್ತಿದ್ದಾಳೆ. ಅವಳು ಯಾರ ಬಟ್ಟೆಯನ್ನೂ ಕಾಯುವುದು ಬೇಡ.